ಒಂದೇ ಸಾಲಿನಲ್ಲಿ ಇಬ್ಬರು

ಹತ್ತೇ ಹತ್ತು ಸಾಲಿನ ಕೋಡ್. ಬರೆದು ಮುಗಿಸಿದ ದಿನ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡು, ಸೊಲ್ಲಾಪುರದಲ್ಲಿ ಕೆಲಸಕ್ಕೆಂದೇ ಬೇರೆಯಾಗಿ ಹಿಡಿದ ನನ್ನ ಬಾಡಿಗೆ ಖೋಲಿಯಿಂದ ಇಳಿದುಹೋಗಿ ಎರಡು ಪ್ಲೇಟು ಭಜಿ ತಿಂದಿದ್ದೆ. ಕುರನೂರಿನ ಒಬ್ಬ ಅಜ್ಜನ ಎಡಗಣ್ಣು ಹೋದದ್ದು ಆ ಹತ್ತು ಸಾಲಿನಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯವರೆಗೆ ಮುಚ್ಚಿಟ್ಟು ಕಥೆ ಕಟ್ಟುವ ಮುಖ ನನಗೆ ಉಳಿದಿಲ್ಲ.

ಸೊಲ್ಲಾಪುರದ ಒಂದು ಧರ್ಮಾರ್ಥ ಕಣ್ಣಿನ ಆಸ್ಪತ್ರೆ ಸುತ್ತಲಿನ ಹಳ್ಳಿಗಳಲ್ಲಿ ಉಚಿತ ತಪಾಸಣೆಯ ಶಿಬಿರ ನಡೆಸುತ್ತದೆ. ಜನ ಸಾಲಿನಲ್ಲಿ ಬಂದು ಕಣ್ಣು ತೋರಿಸುತ್ತಾರೆ. ವೈದ್ಯರು ಚೀಟಿ ಬರೆಯುತ್ತಾರೆ. ಚೀಟಿಯ ಮೂಲ ಹಾಳೆ ರೋಗಿಯ ಕೈಗೆ, ಕಾರ್ಬನ್ ಪ್ರತಿ ಆಸ್ಪತ್ರೆಯ ದಾಖಲೆಗೆ. ಕೊನೆಯ ಮೇಜಿನಲ್ಲಿ ಕುಳಿತವರು ಚೀಟಿ ನೋಡಿ ಎಲ್ಲವನ್ನೂ ಟ್ಯಾಬ್‌ನಲ್ಲಿ ತುಂಬಿ ‘ಸೇವ್’ ಒತ್ತುತ್ತಾರೆ. ಯಾರನ್ನು ಯಾವಾಗ ಆಸ್ಪತ್ರೆಗೆ ಕರೆಸಬೇಕು ಎಂಬ ಪಟ್ಟಿ ಅದರಿಂದಲೇ ತಯಾರಾಗುತ್ತದೆ. ಆ ಪಟ್ಟಿ ನೋಡಿ ಅಕ್ಕಲಕೋಟದಲ್ಲಿರುವ ಶಿಬಿರದ ಕಚೇರಿಯಿಂದ ರೋಗಿಗಳಿಗೆ ಫೋನ್ ಹೋಗುತ್ತದೆ, ಆಮೇಲೆ ಊರಿಗೆ ಗಾಡಿ ಹೋಗುತ್ತದೆ. ಟ್ಯಾಬ್‌ನಿಂದ ಬಂದ ಮಾಹಿತಿಯನ್ನು ಸರ್ವರ್‌ನಲ್ಲಿ ಕೈಚಾಚಿ ಇಸಿದುಕೊಂಡು ಡೇಟಾಬೇಸ್‌ನಲ್ಲಿ ಇಡುವ ಕಿಟಕಿ ಒಂದು ಬೇಕಲ್ಲ, ನಮ್ಮ ಕಸುಬಿನಲ್ಲಿ ಅದಕ್ಕೆ ಎಂಡ್‌ಪಾಯಿಂಟ್ ಎನ್ನುತ್ತೇವೆ. ಅದನ್ನು ಕಟ್ಟುವ ಕೆಲಸ ನನ್ನದು.

ಕೆಲಸ ಶುರುವಾಗುವ ಮುಂಚೆ ಎಸ್.ಟಿ. ಬಸ್ ಹತ್ತಿ ಅಕ್ಕಲಕೋಟಕ್ಕೆ ಹೋದೆ. ಅಲ್ಲಿಯ ಕಚೇರಿಯಲ್ಲಿ ಐವತ್ತು ದಾಟಿದ ಒಬ್ಬ ಮ್ಯಾಡಮ್. ಶಿಬಿರಗಳ ಲೆಕ್ಕಪತ್ರವೆಲ್ಲ ಇಪ್ಪತ್ತು ವರ್ಷದಿಂದ ಅವರ ಕೈಯಲ್ಲೇ ಇತ್ತು. ಅವರು ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ರಜಿಸ್ಟರ್ ಬಿಡಿಸಿ ಒಂದೊಂದೇ ಕಾಲಂ ತೋರಿಸಿದರು. ಹೆಸರು, ತಂದೆಯ ಹೆಸರು, ಅಡ್ಡಹೆಸರು, ಊರು, ಫೋನು, ವಯಸ್ಸು, ಚೀಟಿಯ ನಂಬರು. ಹೆಸರಿನ ಪಕ್ಕದ ಸಣ್ಣ ಕಾಲಂನಲ್ಲಿ ಅಲ್ಲಲ್ಲಿ ಕೆಂಪು ಶಾಯಿಯಲ್ಲಿ ‘ಥೋ’ ಎಂದೋ ‘ಧಾ’ ಎಂದೋ ಬರೆದಿತ್ತು.

“ಇದೇನ್ರಿ ಮ್ಯಾಡಮ್?” ಎಂದೆ.

“ಥೋರ್ಲಾ, ಧಾಕ್ಲಾ. ದೊಡ್ಡಾಂವ, ಸಣ್ಣಾಂವ. ಒಂದೇ ಮನ್ಯಾಗ ಒಂದೇ ಹೆಸರಿನವ್ರು ಇಬ್ಬರು ಇರ್ತಾರಲ್ರಿ, ಅದಕ್ಕ.”

“ಅದಕ್ಕ ವಯಸ್ಸಿನ ಕಾಲಂ ಐತಲ್ರಿ. ಇದು ಬ್ಯಾಡ.”

“ಇರ್ಲಿ ಬಿಡ್ರಿ, ಒಂದು ಅಕ್ಷರದ ಕೆಲಸ. ಹಾಕ್ರಿ.”

“ಕಂಪ್ಯೂಟರ್ ಅದನೆಲ್ಲಾ ನೋಡ್ಕೊಂತೈತ್ರಿ. ಇನ್ನ ಈ ರಜಿಸ್ಟರೂ ಬ್ಯಾಡ ನಿಮಗ,” ಎಂದು ನಕ್ಕೆ.

ಅವರು ನಗಲಿಲ್ಲ. ರಜಿಸ್ಟರನ್ನು ಮಡಚಿ ಕಪಾಟಿನಲ್ಲಿಟ್ಟರು. ನಾನು ನನ್ನ ಟಿಪ್ಪಣಿಯಲ್ಲಿ ಆ ಕಾಲಂನ ಮೇಲೆ ಅಡ್ಡಗೆರೆ ಎಳೆದೆ.

ಮೊದಲ ಆವೃತ್ತಿ ಮೂರು ವಾರದಲ್ಲಿ ಸಿದ್ಧವಾಯಿತು. ಸೇವ್ ಒತ್ತಿದರೆ ಡೇಟಾಬೇಸ್‌ನ ಟೇಬಲ್‌ನಲ್ಲಿ ಒಂದು ಹೊಸ ಸಾಲು, ಟ್ಯಾಬ್‌ನಲ್ಲಿ ಒಂದು ಹಸಿರು ಟಿಕ್. ನನ್ನ ಖೋಲಿಯಲ್ಲಿ ಕೂತು ನೂರು ಸಲ ಒತ್ತಿ ನೋಡಿದೆ, ಒಂದೂ ತಪ್ಪಲಿಲ್ಲ. ಹಳ್ಳಿಗೆ ಹೋದ ಮೇಲೆ ನೋಡಿ ಅದರ ಬಣ್ಣ ಬಯಲಾದದ್ದು. ಹಳ್ಳಿಯಲ್ಲಿ ನೆಟ್‌ವರ್ಕ್ ಬರುತ್ತದೆ, ಹೋಗುತ್ತದೆ. ಟ್ಯಾಬ್ ಕಳಿಸಿದ ಮಾಹಿತಿ ಸರ್ವರ್‌ಗೆ ಮುಟ್ಟಿ ಸಾಲು ಸೇರಿರುತ್ತದೆ, ಆದರೆ ‘ಸೇರಿತು’ ಎಂಬ ಉತ್ತರ ಹಿಂತಿರುಗುವಾಗ ದಾರಿಯಲ್ಲೇ ಕಳೆದುಹೋಗುತ್ತದೆ. ಹಸಿರು ಟಿಕ್ ಬರಲಿಲ್ಲವೆಂದು ಮೇಜಿನವರು ಮತ್ತೆ ಒತ್ತುತ್ತಾರೆ, ಮತ್ತೊಮ್ಮೆ ಒತ್ತುತ್ತಾರೆ. ಒಬ್ಬಳೇ ಹೆಂಗಸು ಟೇಬಲ್‌ನಲ್ಲಿ ಮೂರು ಜನವಾಗುತ್ತಾಳೆ.

ಎರಡನೆಯ ಶಿಬಿರ ಮುಗಿದ ವಾರ ಆಸ್ಪತ್ರೆಯ ಕಾರ್ಯದರ್ಶಿಗಳ ಫೋನ್ ಬಂತು. “ಅಹೋ, ಏನ್ ಮಾಡಿಟ್ಟೀರಿ ಇದು? ಒಬ್ಬಾಕಿಗೇ ಮೂರು ಸಲ ಫೋನ್ ಹೋಗ್ಯಾವ. ಮೂರು ಆಪರೇಶನ್ ಮಾಡ್ತೀರೇನಂತ ಆಕಿ ಮಗ ಬೈಲಾಕತ್ತಾನ. ನಾಡ್ದು ಮಂಗಳವೇಢೆದಾಗ ಕ್ಯಾಂಪ್ ಅದ. ಅಷ್ಟರಾಗ ಬರೋಬರ್ ಆಗ್ಬೇಕು.”

ಇದಕ್ಕೆ ಸರಿಯಾದ ಮದ್ದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಸುಳ್ಳು ಹೇಳಲಾರೆ. ಪ್ರತಿ ಫಾರಂ ತೆರೆದ ಕೂಡಲೇ ಟ್ಯಾಬ್ ತಾನೇ ಅದಕ್ಕೊಂದು ಗುರುತಿನ ಸಂಖ್ಯೆ ಕೊಡಬೇಕು. ಹತ್ತು ಸಲ ಸೇವ್ ಒತ್ತಿದರೂ ಅದೇ ಸಂಖ್ಯೆ ಬರುತ್ತದೆ, ‘ಇದು ಬಂದಾಗಿದೆ’ ಎಂದು ಸರ್ವರ್ ತಿಳಿದುಕೊಳ್ಳುತ್ತದೆ. ಆದರೆ ಅದಕ್ಕೆ ಎಲ್ಲ ಟ್ಯಾಬ್‌ಗಳಲ್ಲಿ ಹೊಸ ಆ್ಯಪ್ ಹಾಕಬೇಕಿತ್ತು. ಟ್ಯಾಬ್‌ಗಳು ಆಗಲೇ ಜೀಪಿನಲ್ಲಿ ಮಂಗಳವೇಢೆಯ ದಾರಿ ಹಿಡಿದಿದ್ದವು. ನಾನೂ ಒಂದು ಬಸ್ ಹಿಡಿದು ಹಿಂದೆ ಹೋಗಬಹುದಿತ್ತು. ಹೋಗಲಿಲ್ಲ. ಬಿಸಿಲಿತ್ತು, ಬೇಸರವಿತ್ತು. ಅದಕ್ಕಿಂತ ಹೆಚ್ಚಾಗಿ, ಕುಂತಲ್ಲೇ ಸರಿಮಾಡಿ ತೋರಿಸುತ್ತೇನೆಂಬ ಸೊಕ್ಕು ಇತ್ತು.

ಹಾಗಾಗಿ ಸರ್ವರ್‌ನಲ್ಲೇ ಒಂದು ನಿಯಮ ಹಾಕಿದೆ. ಹೆಸರು, ತಂದೆಯ ಹೆಸರು, ಅಡ್ಡಹೆಸರು, ಊರು, ಫೋನ್ ನಂಬರು, ಈ ಐದೂ ಒಂದೇ ಆಗಿದ್ದರೆ ಅದು ಒಬ್ಬನೇ ಮನುಷ್ಯ. ಹೊಸ ಸಾಲು ಸೇರಿಸಬೇಡ, ಹಳೆಯ ಸಾಲಿನ ಮೇಲೆಯೇ ಹೊಸ ಮಾಹಿತಿ ಬರೆ. ಹಸಿರು ಟಿಕ್ ಮಾತ್ರ ಎರಡಕ್ಕೂ ಒಂದೇ. ಹೊಸದಾಗಿ ಸೇರಿತೋ, ಹಳೆಯದನ್ನು ಒರೆಸಿ ಬರೆಯಿತೋ ಮೇಜಿನವರಿಗೆ ತಿಳಿಯುತ್ತಿರಲಿಲ್ಲ.

ಹುಟ್ಟಿದ ತಾರೀಕನ್ನೂ ಸೇರಿಸೋಣವೇ ಎಂದು ಒಂದು ಗಳಿಗೆ ಯೋಚಿಸಿದ್ದೆ. ನಮ್ಮ ಕಡೆಯ ಹಳೆಯ ಜನರ ತಾರೀಕು ಎಂಥದ್ದೆಂದು ಗೊತ್ತಲ್ಲ. ಸಾಲೆಗೆ ಸೇರಿಸುವಾಗ ಗುರುಗಳು ಎಲ್ಲರಿಗೂ ಜೂನ್ ಒಂದು ಎಂದು ಬರೆದುಬಿಡುತ್ತಿದ್ದರು. ನನ್ನ ಅಪ್ಪನೂ ಜೂನ್ ಒಂದು, ಇಬ್ಬರು ಕಾಕಾಗಳೂ ಜೂನ್ ಒಂದು. ಇನ್ನು ವರ್ಷವೋ, ಬೆಳಿಗ್ಗೆ ಕೇಳಿದರೆ ಒಂದು, ಸಂಜೆ ಕೇಳಿದರೆ ಇನ್ನೊಂದು. ಇದನ್ನು ನಂಬಿದರೆ ಒಬ್ಬನೇ ಮತ್ತೆ ಇಬ್ಬರಾಗುತ್ತಾನೆ ಎಂದು ತಾರೀಕನ್ನೂ ವಯಸ್ಸನ್ನೂ ನಿಯಮದ ಹೊರಗೆ ಬಿಟ್ಟೆ. ಮ್ಯಾಡಮ್‌ಗೆ ‘ವಯಸ್ಸಿನ ಕಾಲಂ ಐತಲ್ರಿ’ ಎಂದವನು ನಾನೇ. ಆ ವಯಸ್ಸನ್ನು ತೆಗೆದುಹಾಕಿದವನೂ ನಾನೇ.

ಪರೀಕ್ಷೆಗೆ ನನ್ನ ಹೆಸರನ್ನೇ ಹಾಕಿದೆ. ಶಿವಶರಣ, ತಂದೆ ಮಲ್ಲಿನಾಥ. ಐದು ಸಲ ಕಳಿಸಿದೆ, ಟೇಬಲ್‌ನಲ್ಲಿ ಒಂದೇ ಸಾಲು. ಭಜಿ ತಿನ್ನಲು ಹೋದದ್ದು ಆಗಲೇ.

ದೀಪದ ಕೆಳಗೇ ಕತ್ತಲೆ ಎನ್ನುತ್ತಾರೆ. ನನ್ನ ಅಜ್ಜನ ಹೆಸರೂ ಶಿವಶರಣ. ಅಜ್ಜನ ತಂದೆ ಮಲ್ಲಿನಾಥ. ನಮ್ಮಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರಿಡುವುದು ರೂಢಿ. ಆದ್ದರಿಂದ ಒಂದು ತಲೆಮಾರು ಬಿಟ್ಟು ಒಂದರಲ್ಲಿ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರೂ ಹಾಗೆಯೇ ಮರಳಿ ಬರುತ್ತವೆ. ಊರು ಹೇಗೂ ಒಂದೇ, ಚೀಟಿಗೆ ಕೊಡುವ ಫೋನ್ ನಂಬರೂ ಮನೆಗೆಲ್ಲ ಒಂದೇ. ಸೊಸೆಯಾದವಳು ಮಾವನ ಹೆಸರು ಹಿಡಿಯುವಂತಿಲ್ಲ. ಹಾಗಾಗಿ ನನ್ನವ್ವ ಇಂದಿಗೂ ನನ್ನನ್ನು ಹೆಸರಿನಿಂದ ಕರೆಯುವುದಿಲ್ಲ, ಹಿರಿಯರನ್ನು ಕರೆಯುವಂತೆ ‘ತಾತ್ಯಾ’ ಎನ್ನುತ್ತಾಳೆ. ಹುಟ್ಟಿದಾಗಿನಿಂದ ಈ ಕರೆಗೆ ಓಗೊಟ್ಟವನು ನಾನು. ಆ ದಿನ ಒಂದೇ ಒಂದು ಸಲ ನನ್ನದಕ್ಕಿಂತ ಮೊದಲು ನನ್ನ ಅಜ್ಜನ ವಿವರ ತುಂಬಿದ್ದರೆ, ನನ್ನ ಕಣ್ಣೆದುರೇ ಅಜ್ಜ ಅಳಿಸಿಹೋಗಿ ನಾನು ಉಳಿಯುತ್ತಿದ್ದೆ.

ಮಂಗಳವೇಢೆ ಸುಸೂತ್ರ ಮುಗಿಯಿತು. ಕಾರ್ಯದರ್ಶಿಗಳು “ಆತು ನೋಡ್ರಿ ಬರೋಬರ್” ಎಂದರು. ಮುಂದಿನ ತಿಂಗಳು ಕುರನೂರಿನಲ್ಲಿ ಶಿಬಿರವಾಯಿತು. ಆಮೇಲೆ ಬೇರೆ ಊರುಗಳು. ಮ್ಯಾಡಮ್ ಕೂಡ ಟ್ಯಾಬ್ ಕಲಿತು ಕೊನೆಯ ಮೇಜಿನಲ್ಲಿ ಕೂರತೊಡಗಿದರು. ನನಗೆ ಬೇರೆ ಕೆಲಸಗಳು ಬಂದವು.

ಎಂಟು ತಿಂಗಳ ನಂತರ ಒಂದು ಬೆಳಿಗ್ಗೆ ವರದಿಯ ನಮೂನೆ ಬದಲಿಸಲೆಂದು ಅಕ್ಕಲಕೋಟದ ಕಚೇರಿಯಲ್ಲಿ ಕೂತಿದ್ದೆ. ಮೆಟ್ಟಿಲು ಹತ್ತಿ ಒಬ್ಬ ಅಜ್ಜ ಬಂದರು, ಬಿಳಿ ಅಂಗಿ, ಗಾಂಧಿ ಟೊಪ್ಪಿಗೆ. ಜೊತೆಗೆ ಸೊಸೆ. ಕುರನೂರಿನಲ್ಲಿ ಅವರದೊಂದು ಕಿರಾಣಿ ಅಂಗಡಿ. ಸೊಲ್ಲಾಪುರದ ಆಸ್ಪತ್ರೆಗೆ ತಾವಾಗಿ ಹೋಗಿ ತೋರಿಸಿಕೊಂಡು ಹಿಂದಿರುಗುವ ದಾರಿಯಲ್ಲಿ ಇಲ್ಲಿ ಇಳಿದಿದ್ದರು. ಸೊಸೆಯ ಕೈಯಲ್ಲಿ ಕುರನೂರಿನ ಶಿಬಿರದ ಚೀಟಿಯಿತ್ತು, ಮಡಿಕೆ ಮಡಿಕೆಯಾಗಿ ಹರಿಯಲು ಬಂದಿತ್ತು.

“ಮಾಮಾಂದು ಎಡಗಣ್ಣು ಹೋಗೈತ್ರಿ,” ಎಂದಳು ಆಕೆ. “ಕಣ್ಣಾಗ ಒತ್ತಡ ಆಗಿ ಒಳಗಿನ ನರ ಒಣಗೈತಂತ. ಇನ್ನ ಬರೂದಿಲ್ಲಂತ. ಬಲಗಣ್ಣಿಗೆ ಔಷಧ ಬಿಡ್ಕೊಂತ ಹೋದ್ರ ಉಳೀತೈತಿ ಅಂದಾರ. ಹದಿನೈದು ದಿನದಾಗ ಬರ್ರಿ ಅಂತ ಈ ಚೀಟ್ಯಾಗ ಬರದಾರಂತ ದೊಡ್ಡ ಡಾಕ್ಟರ್ ಹೇಳಿದ್ರು. ಇಂಗ್ಲೀಷ್ ನಮಗೇನ್ ತಿಳೀತೈತ್ರಿ? ಫೋನ್ ಮಾಡಿ ಕರೀತೀವಿ ಅಂದಿದ್ರಿ ನೀವು. ಯಾಕ ಮಾಡಲಿಲ್ಲ?”

“ಒಂದು ಫೋನ್ ಬಂದಿತ್ತಲ್ಲವಾ,” ಎಂದರು ಅಜ್ಜ, ಜಗಳ ತಪ್ಪಿಸುವವರಂತೆ.

“ಅದು ಚಸ್ಮಾದ್ದು. ನಿಮ್ಮ ಹೆಸರು ಹೇಳಿ ಚಸ್ಮಾ ಬಂದೈತಿ ಅಂದ್ರು. ಹುಡುಗ ಹೋಗಿ ತಂದ. ಮತ್ತ ಫೋನ್ ಬರಲಿಲ್ಲ ಅಂದ ಮ್ಯಾಲ ಮಾಮಾಂಗ ಏನೂ ಇಲ್ಲ ಅಂತ ತಿಳಕೊಂಡ್ವಿ.”

ಮ್ಯಾಡಮ್ ಕಂಪ್ಯೂಟರ್‌ನಲ್ಲಿ ಹೆಸರು ಹಾಕಿದರು. ಒಂದೇ ಸಾಲು ಬಂತು. ಅದೇ ಹೆಸರು, ಅದೇ ತಂದೆಯ ಹೆಸರು, ವಯಸ್ಸು ಇಪ್ಪತ್ತನಾಲ್ಕು, ದೂರದ ದೃಷ್ಟಿ ಮಂದ, ಕನ್ನಡಕ ಕೊಟ್ಟಿದೆ. “ಇದು ಮೊಮ್ಮಗಂದು,” ಎಂದರು. “ಅಜ್ಜಂದು ಎಲ್ಲಿ?” ಮತ್ತೆ ಹುಡುಕಿದರು. ಆಮೇಲೆ ಎದ್ದುಹೋಗಿ ಕಪಾಟಿನಿಂದ ಕೆಂಪು ರಟ್ಟಿನ ರಜಿಸ್ಟರ್ ತಂದರು. ನಾನು ಬೇಡವೆಂದ ಮೇಲೂ ಅವರು ಅದನ್ನು ಬರೆಯುತ್ತಲೇ ಇದ್ದರು! ಕುರನೂರಿನ ಪುಟದಲ್ಲಿ ಆ ಹೆಸರು ಎರಡು ಸಲ ಇತ್ತು. ಮೊದಲನೆಯದರ ಪಕ್ಕದಲ್ಲಿ ಕೆಂಪು ‘ಥೋ’. ಪುಟ ತಿರುವಿದರೆ ಎರಡನೆಯದು, ‘ಧಾ’.

ಅವರು ಆ ಸಾಲಿನ ಮೇಲೆ ಬೆರಳಿಟ್ಟರು. “ಅವತ್ತ ಟ್ಯಾಬ್ ಮ್ಯಾಲ ನಾನೇ ಕುಂತಿದ್ದೆ,” ಎಂದರು ಮೆಲ್ಲಗೆ. “ರಜಿಸ್ಟರ್‌ದಾಗ ಬರದು ಟ್ಯಾಬ್‌ನಾಗ ಸೇವ್ ಒತ್ತೂದು ಮರ್ತಿರಬೇಕು. ನನ್ನ ಚೂಕ ಅದ, ಅಜ್ಜಾರ. ನನ್ನ ಕೈಲೆ ಆಗ್ಯದ.”

ನಾನು ನನ್ನ ಲ್ಯಾಪ್‌ಟಾಪ್‌ನಲ್ಲಿ ಆ ಸಾಲನ್ನು ತೆರೆದಿದ್ದೆ. ಪ್ರತಿ ಸಾಲಿಗೂ ಎರಡು ಸಮಯ ಇರುತ್ತವೆ, ಮೊದಲು ಸೇರಿದ್ದು ಮತ್ತು ಕೊನೆಗೆ ತಿದ್ದಿದ್ದು. ಸೇರಿದ್ದು ಬೆಳಿಗ್ಗೆ ಹತ್ತೂವರೆಗೆ. ತಿದ್ದಿದ್ದು ಮಧ್ಯಾಹ್ನ ಒಂದೂಕಾಲಿಗೆ. ಹತ್ತೂವರೆಗೆ ಸೇರಿದವರು ಅಜ್ಜ. ಮಧ್ಯಾಹ್ನ ಅಜ್ಜನನ್ನು ಮೋಟಾರ್‌ಸೈಕಲ್ ಮೇಲೆ ಕರೆದೊಯ್ಯಲು ಬಂದ ಮೊಮ್ಮಗನಿಗೆ ‘ನೀನೂ ತೋರಿಸಿಕೋ’ ಎಂದು ಯಾರೋ ಹೇಳಿರಬೇಕು. ಟೇಬಲ್‌ನಲ್ಲಿ ಅವನ ವಿವರ ಬಂದು ಅಜ್ಜನ ವಿವರದ ಮೇಲೆ ಕೂತಿತು. ಮ್ಯಾಡಮ್ ಎರಡೂ ಸಲ ಸೇವ್ ಒತ್ತಿದ್ದರು, ಎರಡೂ ಸಲ ಹಸಿರು ಟಿಕ್ ನೋಡಿದ್ದರು.

ನನಗೆ ಎಲ್ಲವೂ ಆ ಕ್ಷಣದಲ್ಲೇ ತಿಳಿಯಿತು. ಬಾಯಿ ತೆರೆಯಬೇಕಿತ್ತು, ತೆರೆಯಲಿಲ್ಲ. ಸೊಸೆ ಮ್ಯಾಡಮ್‌ಗೆ ಬಾಯಿಗೆ ಬಂದಂತೆ ಅಂದಳು. ಮ್ಯಾಡಮ್ ಕಣ್ಣೀರು ಒರೆಸಿಕೊಳ್ಳುತ್ತ ನಿಂತರು. ಅಜ್ಜ “ಹೋಗ್ಲಿ ಬಿಡವಾ, ಬಸ್ ತಪ್ಪತೈತಿ” ಎಂದು ಏಳುವಾಗ ಎಡಗಡೆಯ ಕುರ್ಚಿಗೆ ಎಡವಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಯಾರೂ ನನ್ನನ್ನು ಕಳ್ಳ ಎನ್ನಲಿಲ್ಲ. ಆದರೂ ಲ್ಯಾಪ್‌ಟಾಪ್‌ನ ಮುಚ್ಚಳವನ್ನು ನಾನು ಸದ್ದಾಗದಂತೆ ಮುಚ್ಚಿದೆ.

ಸೊಲ್ಲಾಪುರಕ್ಕೆ ಬಂದು ಎರಡು ದಿನ ತೆಪ್ಪಗಿದ್ದೆ. ತೆಪ್ಪಗಿದ್ದೆ ಎಂದರೆ ಸುಮ್ಮನೆ ಕೂತಿರಲಿಲ್ಲ. ಎಂಟು ತಿಂಗಳ ಹಿಂದೆ ಮಾಡಬೇಕಿದ್ದ ಕೆಲಸವನ್ನು ಆ ಎರಡು ದಿನದಲ್ಲಿ ಮಾಡಿದೆ. ಟ್ಯಾಬ್‌ನಲ್ಲಿ ಪ್ರತಿ ಫಾರಂಗೆ ಗುರುತಿನ ಸಂಖ್ಯೆ, ಸರ್ವರ್‌ನಲ್ಲಿ ಹೆಸರಿನ ಮೇಲಿನ ನಿಯಮ ರದ್ದು, ಒಮ್ಮೆ ಸೇರಿದ ಸಾಲನ್ನು ಯಾರೂ ಒರೆಸದ ಹಾಗೆ ಬಂದೋಬಸ್ತು. ಆ ಬದಲಾವಣೆಗೆ ಒಂದು ಷರಾ ಬರೆಯಬೇಕಾಗುತ್ತದೆ. ನಾನು ಬರೆದದ್ದು, ‘ಸಣ್ಣ ತಿದ್ದುಪಡಿ’.

ಇನ್ನು ಮುಂದೆ ಯಾರಿಗೂ ಹೀಗಾಗುವುದಿಲ್ಲವಲ್ಲ ಎಂದು ನನ್ನನ್ನು ನಾನೇ ಸಮಾಧಾನಿಸಿಕೊಂಡೆ. ಎರಡನೆಯ ದಿನ ಮಧ್ಯಾಹ್ನ ಊಟಕ್ಕೆ ಅದೇ ಊರಿನ ನಮ್ಮ ಮನೆಗೆ ಹೋದಾಗ ಅವ್ವ ಬಾಗಿಲಲ್ಲೇ “ತಾತ್ಯಾ, ಕೈಕಾಲು ತೊಳ್ಕೊ” ಎಂದಳು. ತಾಟಿನ ಮುಂದೆ ಕೂತೆ. ನಮ್ಮ ಓಣಿಯ ಮನೆಗಳನ್ನು ಒಂದೊಂದಾಗಿ ಎಣಿಸಿದೆ. ಎಷ್ಟು ಮನೆಯಲ್ಲಿ ತಾತ್ಯಾಗಳು, ಎಷ್ಟು ಮನೆಯಲ್ಲಿ ಅಪ್ಪಾಗಳು, ಎಲ್ಲರೂ ಅಜ್ಜಂದಿರ ಹೆಸರಿನವರೇ. ಹಾಗಾದರೆ ಕುರನೂರಿನ ಅಜ್ಜ ಒಬ್ಬರೇ ಆಗಿರಲು ಹೇಗೆ ಸಾಧ್ಯ?

ಎದ್ದು ಖೋಲಿಗೆ ಬಂದು ಡೇಟಾಬೇಸ್‌ಗೆ ಒಂದು ಪ್ರಶ್ನೆ ಹಾಕಿದೆ. ನೆಟ್‌ವರ್ಕ್ ಕೈಕೊಟ್ಟು ಎರಡು ಸಲ ಒತ್ತಿದ್ದಾದರೆ, ಸೇರಿದ ಸಮಯಕ್ಕೂ ತಿದ್ದಿದ ಸಮಯಕ್ಕೂ ನಡುವೆ ಕೆಲವು ಸೆಕೆಂಡು ಅಂತರವಿರುತ್ತದೆ. ಇಬ್ಬರು ಬೇರೆ ಬೇರೆ ಜನರಾದರೆ ಗಂಟೆಗಳೇ ಇರುತ್ತವೆ. ಹತ್ತು ನಿಮಿಷಕ್ಕಿಂತ ಹೆಚ್ಚು ಅಂತರವಿರುವ ಸಾಲುಗಳನ್ನು ತೋರಿಸು ಎಂದೆ. ಕುರನೂರಿನ ಆ ಅಜ್ಜನದು ಬಿಟ್ಟು ನಲವತ್ತೊಂದು ಸಾಲು ಬಂದವು. ಅವುಗಳ ಕೆಳಗೆ ಯಾರು ಸಿಕ್ಕಿಕೊಂಡಿದ್ದಾರೆ, ಅವರ ಕಣ್ಣಿಗೆ ಏನಾಗಿದೆ ಎಂದು ತಿಳಿಯಲು ಡೇಟಾಬೇಸ್‌ನಲ್ಲಿ ಏನೂ ಉಳಿದಿರಲಿಲ್ಲ. ಸರ್ವರ್‌ಗೆ ಬಂದ ಮೂಲ ಕಡತಗಳನ್ನು ಜಾಗ ಉಳಿಸಲೆಂದು ತಿಂಗಳಿಗೊಮ್ಮೆ ಅಳಿಸುವ ಏರ್ಪಾಡು ಮಾಡಿದವನೂ ನಾನೇ. ಅವರ ಗುರುತು ಉಳಿದಿದ್ದುದು ಒಂದೇ ಕಡೆ, ಮ್ಯಾಡಮ್‌ನ ರಜಿಸ್ಟರ್‌ನಲ್ಲಿ. ಅದನ್ನು ಕೇಳಬೇಕೆಂದರೆ ಯಾಕೆಂದು ಹೇಳಬೇಕು. ಹೇಳದೆ ಇದ್ದರೆ, ಆ ಜನ ‘ಫೋನ್ ಬರತೈತಿ’ ಎಂದು ಕಾಯುತ್ತಲೇ ಇರುತ್ತಾರೆ. ನನ್ನ ಒಳ್ಳೆಯತನದಿಂದ ನಾನು ಒಪ್ಪಿಕೊಂಡೆ ಎಂದು ಯಾರಾದರೂ ತಿಳಿದರೆ ತಪ್ಪು. ಬೇರೆ ದಾರಿಯಿರಲಿಲ್ಲ.

ಮರುದಿನ ಮೊದಲ ಬಸ್ಸಿಗೆ ಅಕ್ಕಲಕೋಟಕ್ಕೆ ಹೋದೆ. ಮ್ಯಾಡಮ್ ಮುಂದೆ ನಿಂತು, “ಅವತ್ತ ನೀವು ಸೇವ್ ಒತ್ತೀರಿ. ನೀವು ಮರ್ತಿಲ್ಲ. ನನ್ನ ಕೋಡ್ ಅಳಿಸೈತಿ,” ಎಂದೆ. ಪೂರ್ತಿ ಹೇಳಿದೆ.

ಅವರು ಕೈಯಲ್ಲಿದ್ದ ಪೆನ್ನನ್ನು ಮೇಜಿನ ಮೇಲಿಟ್ಟರು. ಆಮೇಲೆ, “ಇದು ಯಾವಾಗ ಗೊತ್ತಾತು ನಿಮಗ?” ಎಂದು ಕೇಳಿದರು.

“ಅವತ್ತೇ. ನೀವು ಅಜ್ಜಗ ಹೇಳಾಕತ್ತಾಗ.”

“ಅಂದ್ರ ನೀವು ಗಪ್ ಕುಂತ್ರಿ.” ಅವರ ದನಿ ಏರಲಿಲ್ಲ. “ಮೂರು ದಿನ ಆತು, ನನಗ ಅನ್ನ ಹೋಗಿಲ್ಲ. ದೇವ್ರ ಮುಂದ ಕುಂತ್ರೂ ಆ ಅಜ್ಜಾನೇ ಕಣ್ಣ ಮುಂದ ಬರ್ತಾನ. ನಿಮಗ ಒಂದು ಫೋನ್ ಮಾಡ್ಲಿಕ್ಕೆ ಆಗಲಿಲ್ಲೇನು?”

ಅವರು ಎದ್ದು ಕಪಾಟಿನ ಬಾಗಿಲು ತೆಗೆದು ರಜಿಸ್ಟರ್‌ಗಳನ್ನು ನನ್ನ ಮುಂದೆ ದೊಪ್ಪನೆ ಇಟ್ಟರು. “ಹೇಳ್ರಿ, ಮೊದಲ್ನೇ ಹೆಸರು ಯಾವುದು?”

ಅಂದೇ ಫೋನ್‌ನಲ್ಲಿ ಆಸ್ಪತ್ರೆಯ ದೊಡ್ಡ ಡಾಕ್ಟರರಿಗೂ ಕಾರ್ಯದರ್ಶಿಗಳಿಗೂ ಹೇಳಿದೆ. ಕಾರ್ಯದರ್ಶಿಗಳು ರೇಗಿದರು, ರೇಗಬೇಕಾದದ್ದೇ. ಡಾಕ್ಟರರು ಮಾತ್ರ, “ಮೊದಲ ಉಳದವ್ರನ್ನ ಹುಡಕ್ರಿ. ಆಮ್ಯಾಲ ಅಜ್ಜನ ಮನಿಗೆ ನೀವೇ ಹೋಗಿ ಹೇಳಿ ಬರ್ರಿ,” ಎಂದು ಫೋನ್ ಇಟ್ಟರು.

ನಾಲ್ಕು ದಿನ ಹಿಡಿಯಿತು. ನಾನು ಲ್ಯಾಪ್‌ಟಾಪ್‌ನಿಂದ ಹೆಸರು ಓದುವುದು, ಮ್ಯಾಡಮ್ ರಜಿಸ್ಟರ್‌ನಲ್ಲಿ ಆ ಊರಿನ ಪುಟ ತೆಗೆದು ‘ಥೋ’, ‘ಧಾ’ ನೋಡುವುದು. ಜೋಡಿ ಸಿಕ್ಕರೆ ಚೀಟಿಯ ನಂಬರು ಹಿಡಿದು, ಗೋಣಿಚೀಲದಲ್ಲಿ ಕಟ್ಟಿಟ್ಟ ಕಾರ್ಬನ್ ಪ್ರತಿಗಳಲ್ಲಿ ಹುಡುಕುವುದು. ಕೆಲವು ಪ್ರತಿ ಮಾಸಿ ನೀಲಿ ನೆರಳಷ್ಟೇ ಉಳಿದಿತ್ತು. ಕಿಟಕಿಯ ಬಿಸಿಲಿಗೆ ಓರೆ ಹಿಡಿದು ಓದಿದೆವು. ನಲವತ್ತೊಂದರಲ್ಲಿ ಇಪ್ಪತ್ತೆರಡು ಒಬ್ಬರದೇ, ಏನೋ ತಿದ್ದಲು ಎರಡನೆಯ ಸಲ ತುಂಬಿದ್ದವು. ಹತ್ತೊಂಬತ್ತರಲ್ಲಿ ಮಾತ್ರ ಇಬ್ಬಿಬ್ಬರಿದ್ದರು. ಹೆಚ್ಚಿನವು ಅಜ್ಜ-ಮೊಮ್ಮಗ. ಎರಡು ಕಡೆ ಮನೆದೇವರ ಹೆಸರಿಟ್ಟ ಅಣ್ಣ-ತಮ್ಮ, ದೊಡ್ಡವನು ದೊಡ್ಡ, ಚಿಕ್ಕವನು ಸಣ್ಣ ಎಂದೇ ಊರಿಗೆಲ್ಲ ಗೊತ್ತು, ಕಾಗದದಲ್ಲಿ ಮಾತ್ರ ಇಬ್ಬರೂ ಒಂದೇ.

ಫೋನ್ ಮಾಡುವ ಕೆಲಸ ಮ್ಯಾಡಮ್ ನನಗೆ ಕೊಡಲಿಲ್ಲ. “ಹೆಸರು ಹೇಳಿ ಕೇಳಿದ್ರ ಮತ್ತ ಯಾರ್ಯಾರೋ ಬರ್ತಾರ. ಕೊಡ್ರಿ ಇಲ್ಲೆ,” ಎಂದು ಫೋನ್ ಕಸಿದುಕೊಂಡರು. ಅವರು ಕೇಳುತ್ತಿದ್ದುದು ಹೀಗೆ, “ನಿಮ್ಮ ಮನ್ಯಾಗ ಈ ಹೆಸರಿನ ಥೋರ್ಲಾ ಯಾರಿದಾರ್ರಿ? ಅವ್ರ ಕಡಿ ಕೊಡ್ರಿ.” ಹತ್ತೊಂಬತ್ತು ಜನರಲ್ಲಿ ಬಹುತೇಕರಿಗೆ ಅಂಥದ್ದೇನೂ ಇರಲಿಲ್ಲ. ಒಬ್ಬರು ಬೇರೆ ಕಡೆ ತೋರಿಸಿಕೊಂಡಿದ್ದರು. ಮೂವರಿಗೆ ಮೋತಿಬಿಂದು, ಅಂದರೆ ಕಣ್ಣಿನ ಪೊರೆ. ಕಾದು ಕಾದು, ತಮ್ಮ ಪಾಳಿ ಇನ್ನೂ ಬಂದಿಲ್ಲವೆಂದು ಸುಮ್ಮನಿದ್ದವರು. ಅವರಿಗೆ ಆ ವಾರವೇ ಗಾಡಿ ಹೋಯಿತು. ಮೂವರ ಆಪರೇಶನ್ನೂ ಸರಿಯಾಗಿ ಆಯಿತು. ಆ ಸುದ್ದಿ ಬಂದಾಗ ಮ್ಯಾಡಮ್ ನನಗೂ ಒಂದು ಚಹಾ ತರಿಸಿದರು. ಮಾತು ಮಾತ್ರ ಕೆಲಸದಷ್ಟೇ.

ಐದನೆಯ ದಿನ ಇಬ್ಬರೂ ಕುರನೂರಿಗೆ ಹೋದೆವು. ಅಂಗಡಿಯ ಗಾದಿಯ ಮೇಲೆ ಅಜ್ಜ ಕೂತಿದ್ದರು. ತಕ್ಕಡಿಯ ಹತ್ತಿರ ಮೊಮ್ಮಗ ನಿಂತು ಯಾರಿಗೋ ಸಕ್ಕರೆ ತೂಗುತ್ತಿದ್ದ. ತೆಳ್ಳಗಿನ ಹುಡುಗ, ಕಪ್ಪು ಚೌಕಟ್ಟಿನ ಕನ್ನಡಕ. ಆಸ್ಪತ್ರೆಯದು.

ಬಸ್ಸಿನಲ್ಲಿ ಮಾತುಗಳನ್ನು ಜೋಡಿಸಿಕೊಂಡು ಬಂದಿದ್ದೆ. ಏನನ್ನೂ ಮುಚ್ಚಿಡಬಾರದು, ಇದ್ದದ್ದು ಇದ್ದ ಹಾಗೆ ಹೇಳಬೇಕು ಎಂದು. “ಅಜ್ಜಾರ, ಮ್ಯಾಡಮ್‌ದು ಏನೂ ತಪ್ಪಿಲ್ರಿ. ತಪ್ಪು ನಂದು,” ಎಂದು ಶುರುಮಾಡಿ, ಪ್ರಾಮಾಣಿಕತನದ ಹುರುಪಿನಲ್ಲಿ ಎಲ್ಲ ಬಿಡಿಸಿ ಹೇಳಿದೆ. “ಮುಂಜಾನೆ ನಿಮ್ಮದು ಬರೋಬರ್ ಸೇವ್ ಆಗಿತ್ತು. ಮಧ್ಯಾಹ್ನ ಅದೇ ಹೆಸರಿನ್ಯಾಗ ನಿಮ್ಮ ಮೊಮ್ಮಗಂದು ಬಂತು. ನನ್ನ ಕೋಡ್ ಇಬ್ಬರನ್ನೂ ಒಬ್ಬರಂತ ತಿಳಕೊಂಡು ನಿಮ್ಮದರ ಮ್ಯಾಲ ಅವಂದು ಬರೀತು. ನಿಮ್ಮದು ಅಳಿಸಿ ಹೋತು.”

ಸಕ್ಕರೆ ಸುರಿಯುವ ಸದ್ದು ನಿಂತಿತು.

ಅಜ್ಜ ನಕ್ಕರು. “ಹೆಸರು ಅವಂಗ ಕೊಟ್ಟೆ, ಪಾಳೀನೂ ಅವಂಗ ಹೋತು. ಹೋಗ್ಲಿ ಬಿಡ್ರಿ, ಹೊರಗಿನವ್ರಿಗೇನೂ ಹೋಗಿಲ್ಲಲ್ಲ.”

ಬೈದಿದ್ದರೆ ಬಚಾವಾಗುತ್ತಿದ್ದೆ. ಸೊಸೆ ಚಹಾ ತಂದಿಟ್ಟಳು, ನನ್ನ ಮುಖ ನೋಡಲಿಲ್ಲ. ಎಡಗಡೆಯಿದ್ದ ಬಟ್ಟಲಿಗೆ ಅಜ್ಜ ಕೈಚಾಚಿದರು. ಕೈ ಬಟ್ಟಲಿನ ಹೊರಗೆ ಹೋಯಿತು. ಆಕೆ ಬಟ್ಟಲನ್ನು ಎತ್ತಿ ಅವರ ಬೆರಳಿಗೆ ತಾಗಿಸಿದಳು.

ಮೊಮ್ಮಗ ಗಿರಾಕಿಗೆ ಸಕ್ಕರೆ ಕಟ್ಟಿಕೊಟ್ಟ. ಆಮೇಲೆ ಕನ್ನಡಕ ತೆಗೆದ, ಅಂಗಿಯ ಚುಂಗಿನಿಂದ ಒರೆಸಿದ, ಮಡಚಿ ಗಲ್ಲಾಪೆಟ್ಟಿಗೆಯ ಖಾನೆಯಲ್ಲಿ ಇಟ್ಟ. ನನಗೆ ಆಗ ಹೊಳೆಯಿತು, ಮೂರು ದಿನ ನಾನು ಬಾಯಿ ಮುಚ್ಚಿದ್ದರ ಭಾರ ಮ್ಯಾಡಮ್ ಹೊತ್ತಿದ್ದರು, ಈಗ ಬಾಯಿ ಬಿಟ್ಟದ್ದರ ಭಾರ ಇವನ ತಲೆಯ ಮೇಲೆ ಇಳಿದಿದೆ. ಹೊರಡುವಾಗ ಅವನು ಅಂಗಡಿಯಿಂದಾಚೆ ಬಂದ.

“ತಮ್ಮಾ, ನಿಂದೇನೂ ತಪ್ಪಿಲ್ಲ,” ಎಂದೆ. “ನಾ ಬರದ ಕೋಡೇ ತಪ್ಪು. ನಿನ್ನ ಜಾಗಾದಾಗ ಯಾರ ಬಂದಿದ್ರೂ ಹಂಗೇ ಆಗ್ತಿತ್ತು.”

“ನಿಮ್ಮ ತಪ್ಪು ಅನ್ನೂದು ತಿಳೀತ್ರಿ,” ಎಂದ. “ಆದ್ರ ಚಸ್ಮಾ ನಂದೇ ಹೌದಲ್ರಿ.”

ಆಸ್ಪತ್ರೆಯವರು ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ತೆಗೆದಿದ್ದರೆ ಚೆನ್ನಾಗಿತ್ತೆಂದು ಕೆಲವೊಮ್ಮೆ ಅನಿಸುತ್ತದೆ. ಆ ಷರಾವನ್ನು ಬದಲಿಸಿ ನಡೆದದ್ದನ್ನೆಲ್ಲ ಬರೆದೆ. ಫಾರಂನಲ್ಲಿ ಹೆಸರಿನ ಪಕ್ಕ ‘ಥೋರ್ಲಾ / ಧಾಕ್ಲಾ’ ಎಂಬ ಕಾಲಂ ಸೇರಿಸಿದೆ. ಒಂದೇ ಹೆಸರು ಎರಡು ಸಲ ಬಂದರೆ ಈಗ ಸರ್ವರ್ ತಾನಾಗಿ ಏನನ್ನೂ ತೀರ್ಮಾನಿಸುವುದಿಲ್ಲ. ಎರಡೂ ಸಾಲು ಇಟ್ಟುಕೊಂಡು ಮ್ಯಾಡಮ್‌ಗೆ ತೋರಿಸುತ್ತದೆ, ಅವರು ನೋಡಿ ಹೇಳುತ್ತಾರೆ. ಒಬ್ಬನೋ ಇಬ್ಬರೋ ಎಂಬುದನ್ನು ಮನೆಯವರನ್ನು ಕೇಳಿದವರೇ ಹೇಳಬೇಕು. ಕೆಂಪು ರಟ್ಟಿನ ರಜಿಸ್ಟರೂ ನಡೆದಿದೆ.

ಮುಂದಿನ ವರ್ಷ ಕುರನೂರಿನಲ್ಲಿ ಮತ್ತೆ ಶಿಬಿರವಾಯಿತು. ಈ ಸಲ ಕೊನೆಯ ಮೇಜಿನಲ್ಲಿ ಟ್ಯಾಬ್ ಹಿಡಿದು ನಾನೇ ಕೂತೆ, ಪಕ್ಕದಲ್ಲಿ ರಜಿಸ್ಟರ್ ಹಿಡಿದು ಮ್ಯಾಡಮ್. ಹನ್ನೊಂದರ ಸುಮಾರಿಗೆ ಮೊಮ್ಮಗ ಅಜ್ಜನ ಕೈಹಿಡಿದು ಕರೆತಂದ. ಬಲಗಣ್ಣಿನ ಒತ್ತಡ ಹಿಡಿತದಲ್ಲಿದೆ ಎಂದು ಚೀಟಿಯಲ್ಲಿತ್ತು. ಮ್ಯಾಡಮ್ ಕೆಂಪು ಪೆನ್ನಿನಿಂದ ‘ಥೋ’ ಬರೆದರು. ನಾನು ತುಂಬಿ ಸೇವ್ ಒತ್ತಿದೆ. ‘ಹೊಸ ಸಾಲು ಸೇರಿದೆ’ ಎಂದು ಬಂತು, ಈಗ ಹಾಗೆಯೇ ಬರುತ್ತದೆ.

“ಧಾಕ್ಲಾ, ನೀನೂ ತೋರಸ್ಕೊಂಡು ಬಾ,” ಎಂದರು ಮ್ಯಾಡಮ್. “ನಂಬರ್ ಬದಲಾಗಿರ್ತದ.”

“ನಂದು ಬ್ಯಾಡ್ರಿ,” ಎಂದ ಅವನು. “ಅಜ್ಜಂದು ಆತಲ್ರಿ, ಸಾಕು.”

“ಈಗ ಹಂಗ ಆಗೂದಿಲ್ಲೋ ತಮ್ಮಾ,” ಎಂದೆ. “ಇಬ್ಬರದೂ ಬ್ಯಾರೆ ಬ್ಯಾರೆ ಇರ್ತೈತಿ. ನೋಡು ಬೇಕಾದ್ರ.” ಟ್ಯಾಬ್ ಅವನತ್ತ ತಿರುಗಿಸಿದೆ. ಅವನು ನೋಡಲಿಲ್ಲ. ಮೇಜಿನ ಮೇಲಿದ್ದ ಅಜ್ಜನ ಚೀಟಿಯನ್ನು ಎತ್ತಿಕೊಂಡು, ದೂರದ ಫಲಕದ ಮೇಲೆ ಔಷಧದ ಕೌಂಟರ್ ಎಲ್ಲಿ ಎಂದು ಬರೆದಿದ್ದನ್ನು ಕಣ್ಣು ಕಿರಿದು ಮಾಡಿ ನೋಡಿದ. ಓದಲಾಗಲಿಲ್ಲ ಎಂದು ಕಾಣುತ್ತದೆ, ಪಕ್ಕದವರನ್ನು ಕೇಳಿದ. ಆಮೇಲೆ ಅಜ್ಜನ ಎಡಗಡೆಗೆ ಬಂದು ತೋಳು ಹಿಡಿದು ನಡೆಸಿಕೊಂಡು ಹೋದ.

ಸಂಜೆ ಅಂದಿನ ಶಿಬಿರದ ಪಟ್ಟಿ ತೆಗೆದು ನೋಡಿದೆ. ಆ ಹೆಸರಿಗೆ ಎರಡು ಸಾಲಿನ ಜಾಗ ಮಾಡಿಟ್ಟಿದ್ದೆ. ಬಂದದ್ದು ಒಂದೇ ಸಾಲು.